ನಾಲ್ಕನೆಯ ಹಾಡು

ಮಾರ್ಚ್ ೩, ಬೆಳಿಗ್ಗೆ ೮

ಮತ್ತೆ ನೋಡಿದೆ. ಇನ್ನೂರ ಹನ್ನೆರಡು ಜನ ಕೇಳಿದ್ದಾರೆ. ಆಲ್ಬಮ್ ಹೊರಬಂದು ಐದು ದಿನ. ನಾನು ಮಾತ್ರ ಒಮ್ಮೆಯೂ ಕೇಳಿಲ್ಲ — ನನ್ನ ದನಿ ನನಗೇ ಸಾಕಾಗಿದೆ. ಮೂರು ವರ್ಷ, ಒಂಬತ್ತು ಹಾಡು. ಬರೆದು ಹಾಡಿದ್ದು ನಾನು. ಗಿಟಾರು, ರೆಕಾರ್ಡಿಂಗು ತಂಗಿಯದು. ಸ್ಟುಡಿಯೋ ಅಂದರೆ ನಮ್ಮ ಬಟ್ಟೆಯ ಬೀರು, ಅದರೊಳಗೆ ನನ್ನ ತಲೆ.

ಒಬ್ಬ ‘ಸೂಪರ್’ ಅಂದಿದ್ದಾನೆ. ಇನ್ನೊಬ್ಬನಿಗೆ ನಿದ್ದೆ ಬಂತಂತೆ. ಅಮ್ಮ ಎಲ್ಲಾ ಚೆನ್ನಾಗಿದೆ ಅಂದಳು. ಯಾವುದು ಹೆಚ್ಚು ಚೆನ್ನಾಗಿದೆ ಅಂದರೆ ಕುಕ್ಕರ್ ಕಡೆ ತಿರುಗಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನನ್ನ ಹಣೆಬರಹಕ್ಕೆ ಅದೂ ಇಲ್ಲ.

ಮಾರ್ಚ್ ೬, ಕ್ಲಿನಿಕ್

ಹಲ್ಲಿನ ಡಾಕ್ಟರು ಇನ್ನೂ ಬಂದಿಲ್ಲ. ರಿಸೆಪ್ಷನ್ನಿನ ನನ್ನ ಕುರ್ಚಿಯಲ್ಲಿ ಕೂತು ವಿಮರ್ಶೆ ಓದಿದೆ. ಕೊನೆಗೂ ಒಂದು ಪೇಪರಿನಲ್ಲಿ ಬಂತು. “ಎಂಟು ಹಾಡುಗಳಲ್ಲಿ ಗಾಯಕಿ ಚೆನ್ನಾಗಿ ಹಾಡಲು ಹೆಣಗುತ್ತಾರೆ. ನಾಲ್ಕನೆಯದರಲ್ಲಿ ಮಾತ್ರ ಸುಮ್ಮನೆ ಹಾಡಿದ್ದಾರೆ. ಆಗ ಕಿವಿ ಅಲ್ಲೇ ನಿಲ್ಲುತ್ತದೆ.”

ಇರಲಿ. ಒಂಬತ್ತರಲ್ಲಿ ಒಂದು. ಒಂದಾದರೂ ನನ್ನದು. ಮೂರು ಸಲ ಬಾತ್‌ರೂಮಿಗೆ ಹೋಗಿ ಓದಿ ಬಂದೆ.

ಮಾರ್ಚ್ ೭

ನಾಲ್ಕನೆಯದನ್ನು ಹೆಡ್‌ಫೋನ್ ಹಾಕಿ ಕೇಳಿದೆ. ಎರಡನೇ ಚರಣಕ್ಕೆ ಮುಂಚೆ ಒಂದು ಸಣ್ಣ ನಗು. ನಾನು ನಕ್ಕಿಲ್ಲ. ಹನ್ನೊಂದು ಟೇಕ್ ತಿಂದ ಹಾಡದು, ನಗುವುದಕ್ಕೆ ಪುರುಸೊತ್ತೆಲ್ಲಿತ್ತು?

ತಂಗಿಯ ನಗು. ತಂಗಿಯ ದನಿ.

ನಾನು ದಾರಿ ತಪ್ಪಬಾರದೆಂದು ಪ್ರತಿ ಹಾಡನ್ನೂ ಮೊದಲು ಅವಳು ಹಾಡಿಡುತ್ತಿದ್ದಳು. ಗೈಡ್ ಟ್ರ್ಯಾಕ್. ಅದನ್ನು ಕಿವಿಯಲ್ಲಿಟ್ಟುಕೊಂಡು ನಾನು ಹಾಡುವುದು, ಆಮೇಲೆ ಅದನ್ನು ಅಳಿಸುವುದು. ಇದೊಂದನ್ನು ಅಳಿಸಿಲ್ಲ. ನನ್ನದಕ್ಕೂ ಅವಳದಕ್ಕೂ ‘ಫೈನಲ್’ ಅಂತ ಹೆಸರಿಟ್ಟವಳು ನಾನು, ಕೇಳಿ ನೋಡದೆ ಅವಳದನ್ನು ಅಪ್‌ಲೋಡ್ ಮಾಡಿದವಳೂ ನಾನು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಗಂಟಲು — ಅಮ್ಮನಿಗೂ ಗೊತ್ತಾಗಲಿಲ್ಲ.

ತಂಗಿಗೆ ಮೊದಲ ದಿನವೇ ಗೊತ್ತಿತ್ತಂತೆ. ಗಿಟಾರಿನ ತಂತಿ ಬಿಗಿ ಮಾಡುತ್ತಾ, ತಲೆ ಎತ್ತದೆ ಹೇಳಿದಳು:

“ನೀನೇ ಹಾಡಿದ್ದು ಅಂದ್ಕೊಳ್ಳಲಿ ಬಿಡಕ್ಕ. ನಂಗೇನು ಹಾಡೋ ಹುಚ್ಚಿಲ್ಲ.”

ಹುಚ್ಚಿದ್ದವಳು ನಾನು. ಹೊಟ್ಟೆ ಉರಿಯಿತು. ಅವಳ ಮೇಲೆ ಸಿಟ್ಟು ಬರಲಿ ಅಂತ ತುಂಬಾ ಕಾದೆ, ಅದೂ ಬರಲಿಲ್ಲ.

ಮಾರ್ಚ್ ೮, ಮಧ್ಯಾಹ್ನ

ಬದಲಾಯಿಸಿದೆ. ನನ್ನ ಹನ್ನೊಂದನೇ ಟೇಕ್ ಹಾಕಿದೆ. ಬಂದದ್ದು ಬರಲಿ.

ಮಾರ್ಚ್ ೧೯

ಕೇಳಿದವರ ಕಾಮೆಂಟು: “ನಾಲ್ಕನೇ ಹಾಡಿಗೆ ಏನು ಮಾಡಿದಿರಿ?”

“ಇದ್ದಿದ್ದೇ ಒಂದು, ಅದನ್ನೂ ಕೆಡಿಸಿದಿರಿ.”

ಇನ್ನೊಬ್ಬರು ಪಾಪ, ಮರ್ಯಾದಸ್ಥರು — ದಯವಿಟ್ಟು ಹಳೆಯದನ್ನೇ ಹಾಕಿ, ನಮ್ಮ ಮಗು ಅದನ್ನು ಕೇಳಿಯೇ ಮಲಗೋದು ಅಂತ ಬರೆದಿದ್ದಾರೆ. ಅವರಿಗೆ ಉತ್ತರ ಬರೆಯಲು ಹೋಗಿ ಅಳಿಸಿದೆ. ಹಳೆಯದನ್ನೇ ಹಾಕಿದೆ.

ಏಪ್ರಿಲ್ ೨೭, ಭಾನುವಾರ

ತಂಗಿ ಬಿಡಲಿಲ್ಲ. ಹಳೆಯ ನೋಟ್‌ಬುಕ್ಕಿನಿಂದ ನನ್ನದೊಂದು ಹಾಡು ಹುಡುಕಿ, ಗೈಡ್ ಹಾಡಿಟ್ಟು, ಬೀರುವಿನ ಬಟ್ಟೆಯನ್ನೆಲ್ಲ ಪಕ್ಕಕ್ಕೆ ಸರಿಸಿದ್ದಳು. ಬಾ ಅಕ್ಕ, ಒಂದೇ ಟೇಕ್ ಅಂದಳು. ಹೋದೆ. ತಲೆ ತೂರಿಸಿದೆ. ಹೆಡ್‌ಫೋನ್ ಹಾಕಿದೆ. ಕಿವಿಯಲ್ಲಿ ಅವಳು ಶುರು ಮಾಡಿದಳು. ಬೆನ್ನು ತಟ್ಟಿದಳು, ಈಗ ಅಂತ. ಬಾಯಿ ತೆರೆದೆ.

ಹಾಡಲಿಲ್ಲ. ಕೇಳುತ್ತಾ ನಿಂತೆ. ನಾನು ಬರೆದ ಸಾಲು. ಎಷ್ಟು ಚೆನ್ನಾಗಿ —