ಮಾವನ ಎಡಗೆನ್ನೆ

ಹೊಸಮನೆ, ಶಿವಮೊಗ್ಗ
27-9-1998, ಭಾನುವಾರ

ಪ್ರೀತಿಯ ಕವನ,

ನಿನ್ನ ಹೇಮಕ್ಕನ ನೆನಪುಗಳು. ನಾವೆಲ್ಲ ಇಲ್ಲಿ ಕ್ಷೇಮ ಅಂತ ಮೊದಲು ಬರೆಯುವುದು ರೂಢಿ. ಈ ಕಾಗದದಲ್ಲಿ ಒಂದೂ ಸುಳ್ಳು ಇರಬಾರದು ಅಂದುಕೊಂಡು ಕೂತಿದ್ದೇನೆ, ಅದಕ್ಕೇ ಆ ಸಾಲನ್ನು ಬಿಟ್ಟಿದ್ದೇನೆ. ತಡವಾಯಿತು, ಬೈಯಬೇಡ. ತರೀಕೆರೆಯಲ್ಲಿ ಚಿಕ್ಕಮ್ಮನ ಮನೆ ಎದುರಿನ ಅಂಗಡಿಗೆ ಎಷ್ಟೋ ಸಲ ಫೋನ್ ಮಾಡಿದೆ. ಅಂಗಡಿಯವರು ಪಾಪ, ಪ್ರತಿ ಸಲವೂ ಹೋಗಿ ಕರೆದು ಬಂದು, "ಅವ್ರು ಸ್ನಾನಕ್ಕೆ ಹೋಗಿದಾರಂತೆ" ಅನ್ನುತ್ತಾರೆ. ಬೆಳಿಗ್ಗೆಯೂ ಸ್ನಾನ, ಸಂಜೆಯೂ ಸ್ನಾನ. ಹೀಗೇ ಆದರೆ ಭದ್ರಾ ನಾಲೆ ಬತ್ತಿಹೋಗುತ್ತದೆ ಮಾರಾಯ್ತಿ. ಸಿಟ್ಟು ನಿನ್ನ ಹಕ್ಕು, ಅದನ್ನು ನಾನು ಕಿತ್ತುಕೊಳ್ಳುವುದಿಲ್ಲ. ಓದುವುದನ್ನು ಮಾತ್ರ ಓದು.

ವಿದ್ಯಾನಗರದ ನಮ್ಮ ಆಫೀಸು ಹಾಗೇ ಇದೆ. ಎದುರಿನ ಟೀ ಅಂಗಡಿಯ ಗಣಪಯ್ಯ, ಮೇ ತಿಂಗಳಲ್ಲಿ ಬಾಂಬ್ ಪರೀಕ್ಷೆ ಆದಾಗ ದಾರಿಹೋಕರಿಗೆಲ್ಲ ಲಾಡು ಹಂಚಿದವನು, ನಿನ್ನೆ ಬೇಕೆಂದೇ ಕೆಣಕಿದ: "ಏನ್ ಮೇಡಂ, ನಿಮ್ಮ ಅಣ್ವಸ್ತ್ರ ವಿರೋಧಿ ವೇದಿಕೇಲಿ ಆಯುಧಪೂಜೆ ಮಾಡ್ತೀರೋ ಇಲ್ವೋ?" "ಟೈಪ್‌ರೈಟರಿಗೆ ಕುಂಕುಮ ಇಡ್ತೀವಿ, ಕುಂಬಳಕಾಯಿ ನೀವೇ ಬಂದು ಒಡೀರಿ" ಅಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ. ಮೊದಲಾಗಿದ್ದರೆ ಅವನನ್ನು ಅಲ್ಲೇ ಕೂರಿಸಿಕೊಂಡು ಹಿರೋಶಿಮಾದ ಕಥೆ ಹೇಳದೆ ಬಿಡುತ್ತಿರಲಿಲ್ಲ. ಈಗ ಬಾಯಿ ತೆಗೆಯಲು ಹೆದರಿಕೆಯಾಗುತ್ತದೆ.

ಮೊನ್ನೆ ಭದ್ರಾವತಿಯ ನಿಮ್ಮ ಮನೆಗೂ ಹೋಗಿದ್ದೆ. ಚಿನ್ನಮ್ಮತ್ತೆ ಹೋಳಿಗೆಗೆ ಬೇಳೆ ಆರಿಸುತ್ತಿದ್ದರು. ಮಾವ ಒಳಮನೆಯಲ್ಲಿ ಎಡಗೆನ್ನೆಗೆ ಟವೆಲ್ ಸುತ್ತಿಕೊಂಡು ಗೋಡೆಗೆ ಒರಗಿದ್ದರು. "ಹಲ್ಲುನೋವು ಕಣೇ. ತಿಂಗಳ ಮೇಲಾಯ್ತು, ಮನೇಲೂ ಹಿಂಗೇ ಕಟ್ಕೊಂಡಿರ್ತಾರೆ. ಡಾಕ್ಟ್ರ ಹತ್ರ ಹೋಗಿ ಅಂದ್ರೆ ಇಲ್ಲ, ಲವಂಗ ಇಟ್ಕೊಳಿ ಅಂದ್ರೂ ಇಲ್ಲ" ಎಂದು ಅತ್ತೆ ಗೊಣಗಿದರು. ಮಾವ ನನ್ನ ಕಡೆ ನೋಡಿ, "ಊಟ ಮಾಡ್ಕೊಂಡು ಹೋಗವ್ವ" ಅಂದರು. ಅಷ್ಟೇ.

ಇನ್ನು ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತಿದ್ದೇನೆ, ಯಾಕೆಂದರೆ ನಿನಗೆ ಗೊತ್ತಿರುವುದು ಅರ್ಧ ಮಾತ್ರ.

ಆಗಸ್ಟ್ ಆರರಂದು, ಹಿರೋಶಿಮಾ ದಿನ, ಶಿವಮೊಗ್ಗದಲ್ಲಿ ನಮ್ಮ ಚಿತ್ರಪ್ರದರ್ಶನ ಇತ್ತಲ್ಲ. ಜನ ಬಂದರು, "ಪಾಪ, ಜಪಾನಿನವರು" ಅಂದರು, ಸೀರೆ ಅಂಗಡಿಯ ಮುಂದೆ ನಡೆದ ಹಾಗೆ ನಡೆದುಹೋದರು. ಯಾರ ಮುಖದಲ್ಲೂ ಭಯ ಇಲ್ಲ. ಊರಿಗೆ ಊರೇ ಬಾಂಬು ಬಂತೆಂದು ಕುಣಿಯುತ್ತಿರುವಾಗ ಒಬ್ಬರಾದರೂ ನಿಂತು ಬೆಚ್ಚಿಬೀಳಬೇಕು ಅಂತ ನನ್ನ ಹಟ. ಒಂಬತ್ತನೇ ತಾರೀಖು ಭಾನುವಾರ ಭದ್ರಾವತಿಯಲ್ಲಿ ಪ್ರದರ್ಶನ. ಸುಟ್ಟಗಾಯ ಅಂದರೆ ಏನೆಂದು ಗೊತ್ತಿರುವ ಊರು. ನಮ್ಮವರದೇ ಒಂದು ಮುಖ ಇದ್ದರೆ ಜನ ನಿಲ್ಲುತ್ತಾರೆ ಅನ್ನಿಸಿತು. ನಮ್ಮವರದು ಅಂದಾಗ ನನಗೆ ನೆನಪಾದದ್ದು ಮಾವನ ಎಡಗೆನ್ನೆ.

ಫೋಟೋ ಕೇಳಲು ಹೋದಾಗ ನೀನು ಟೈಪಿಂಗ್ ಕ್ಲಾಸಿಗೆ ಹೋಗಿದ್ದೆ. ನಿನಗೆ ಗೊತ್ತಲ್ಲ, ಮಾವ ಫೋಟೋ ಅಂದರೆ ಯಾವಾಗಲೂ ಬಲಗೆನ್ನೆ ತಿರುಗಿಸಿ ಕೂರುವವರು. ನನ್ನ ಡಿಗ್ರಿ ಮುಗಿದಾಗ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋದಲ್ಲೂ ಹಾಗೇ ಇದ್ದಾರೆ. ನಾನು ಕೇಳಿದ ದಿನ ಮಾತ್ರ ಗಡ್ಡ ಹೆರೆದುಕೊಂಡು ಬಂದು ಕುರ್ಚಿಯ ಮೇಲೆ ಕೂತು, "ಯಾವ ಕಡೆ ಬೇಕವ್ವ ನಿಂಗೆ?" ಅಂದರು. ನಾನು ಎಡಗಡೆ ಅಂದೆ. ಅವರು ತಿರುಗಿದರು. "ನಿನ್ ಕೆಲಸಕ್ಕೆ ಉಪಯೋಗ ಆಗೋದಾದ್ರೆ ಆಗ್ಲಿ ಬಿಡು. ಇಷ್ಟು ವರ್ಷ ಇದ್ರಿಂದ ಯಾರಿಗೂ ಏನೂ ಉಪಯೋಗ ಆಗ್ಲಿಲ್ಲ" ಅಂದರು. ತಂದೆ ಇಲ್ಲದ ನನ್ನನ್ನು ತಮ್ಮ ಮನೆಗೆ ಕರೆತಂದು, ನಿನಗೂ ನನಗೂ ಒಂದೇ ಬಟ್ಟೆಯಲ್ಲಿ ಲಂಗ ಹೊಲಿಸಿ ಬೆಳೆಸಿದ ಮನುಷ್ಯ. ನಾನು ಕೇಳಿದ್ದಕ್ಕೆ ಯಾವತ್ತು ಇಲ್ಲ ಅಂದಿದ್ದಾರೆ?

ಚಿತ್ರಗಳನ್ನು ರಟ್ಟಿಗೆ ಅಂಟಿಸಿ ತೂಗುಹಾಕುವುದು ನಮ್ಮ ನಸರುಲ್ಲಾ ಮೇಷ್ಟ್ರು, ಡ್ರಾಯಿಂಗ್ ಟೀಚರಾಗಿ ರಿಟೈರ್ ಆದವರು, ನಿನಗೆ ಗೊತ್ತು. ಅವರು ಮಾವನ ಫೋಟೋ ಹಿಡಿದುಕೊಂಡು, "ಹೇಮಶ್ರೀ, ಇದರ ಕೆಳಗೆ ಏನ್ ಬರೀಲಮ್ಮ? ಹೆಸ್ರು, ಊರು, ಹೆಂಗಾಯ್ತು ಅಂತ ಹಾಕ್ಬೇಕಲ್ವಾ?" ಎಂದು ಕೇಳಿದರು. "ಸದ್ಯಕ್ಕೆ ಹಾಗೇ ಇರ್ಲಿ ಸರ್" ಅಂದೆ. "ಯಾಕಮ್ಮ?" ಅಂದರು. "ಟೈಮಿಲ್ಲ ಸರ್" ಅಂದೆ. ಟೈಮ್ ಇತ್ತು ಕವನ. ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ತೇವದ ಅಚ್ಚಿಗೆ ಕರಗಿದ ಕಬ್ಬಿಣ ಹೊಯ್ದಾಗ ಸಿಡಿದದ್ದು ಅಂತ ಬರೆಯಲು ಎಷ್ಟು ಹೊತ್ತು ಬೇಕು? ಹಾಗೆ ಬರೆದರೆ ಅದು ಬರೀ ಫೌಂಡ್ರಿ ಗಾಯವಾಗುತ್ತದೆ, ಭದ್ರಾವತಿಯಲ್ಲಿ ಮನೆಗೊಂದು ಇರುವಂಥದ್ದು, ಯಾರೂ ಬೆಚ್ಚುವುದಿಲ್ಲ ಅಂತ ನನ್ನ ಲೆಕ್ಕ. ಎರಡು ಜಪಾನಿ ಮುಖಗಳ ನಡುವೆ ಮಾವನ ಮುಖ ಹೆಸರಿಲ್ಲದೆ ತೂಗಿತು.

ಜನ ನಿಂತರು. ನಾನು ಅಂದುಕೊಂಡ ಹಾಗೇ ನಿಂತರು. ಅದರಲ್ಲಿ ಒಬ್ಬ ಹೆಂಗಸು ಬಹಳ ಹೊತ್ತು ನಿಂತು, ಮಾವನ ಚಿತ್ರದ ಕಡೆ ಕೈ ತೋರಿಸಿ, "ಇವ್ರಿಗೂ ಬಾಂಬಿಂದಾನಾ ಮೇಡಂ?" ಅಂತ ಕೇಳಿದರು. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. "ಬೆಂಕಿ ಎಲ್ಲಾ ಕಡೆ ಒಂದೇ ಅಲ್ವೇನಮ್ಮ" ಅಂದೆ. ಅವರು ಮತ್ತೆ, "ಇದು ಮಕ್ಕಳಿಗೂ ಬರುತ್ತಾ?" ಎಂದರು. "ಮೂರು ತಲೆಮಾರು ಬಿಡಲ್ಲ" ಅಂದುಬಿಟ್ಟೆ. ಅವರ ಮುಖ ಬಿಳುಚಿಕೊಂಡಿತು. ಕವನ, ಆಗ ನನಗೆ ಒಳಗೊಳಗೇ ಸಂತೋಷವಾಯಿತು. ಕೊನೆಗೂ ಒಬ್ಬರಿಗೆ ಮುಟ್ಟಿಸಿದೆ ಅಂತ.

ಆ ತಲೆಮಾರಿನ ಮಾತೂ ಅಷ್ಟು ಸರಿಯಲ್ಲ. ಬಾಂಬು ಬಿದ್ದಾಗ ಗರ್ಭದಲ್ಲಿದ್ದ ಮಕ್ಕಳಿಗೆ ತೊಂದರೆಯಾದದ್ದು ನಿಜ. ಆಮೇಲೆ ಹುಟ್ಟಿದವರ ವಿಷಯದಲ್ಲಿ ವಿಜ್ಞಾನಿಗಳೇ ಹಾಗೆ ಖಚಿತವಾಗಿ ಹೇಳಿಲ್ಲ. ಅದು ನಮ್ಮ ಕಿರುಪುಸ್ತಕದಲ್ಲೇ ಇದೆ. ಭಾಷಣ ಮಾಡಿ ಮಾಡಿ ಪುಸ್ತಕಕ್ಕಿಂತ ಒಂದು ಕೈ ಹೆಚ್ಚೇ ಹೇಳುವ ಚಟ ನನಗೆ ಹತ್ತಿತ್ತು.

ಆ ಹೆಂಗಸು ಈಶ್ವರಮ್ಮ. ಸಿದ್ದುವಿನ ತಾಯಿ. ಎರಡು ವಾರ ಬಿಟ್ಟು ಮಗನಿಗೆ ಹೆಣ್ಣು ಕೇಳಿಕೊಂಡು ನಿನ್ನನ್ನು ನೋಡಲು ನಿಮ್ಮ ಮನೆಗೆ ಬಂದವರು. ಆ ದಿನ ನಾನು ಸಾಗರದ ಕಾಲೇಜಿನಲ್ಲಿ ಭಾಷಣ ಮಾಡುತ್ತಿದ್ದೆ. ನೆಂಟರೆದುರು ಚೆನ್ನಾಗಿರಲ್ಲ ಅಂತ ಟವೆಲ್ ಬಿಚ್ಚಿಟ್ಟು ಮಾವ ಕಾಫಿ ತಂದಾಗ ಅವರು ಮಾವನ ಮುಖ ನೋಡಿ, ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ತಲೆಸುತ್ತು ಅಂತ ಎದ್ದುಹೋದರು ಎಂದು ನೀನೇ ಹೇಳಿದ್ದೆ. ಆಮೇಲೆ "ಆ ಮನೇಲಿ ಬಾಂಬಿನ ಕಾಯಿಲೆ ಇದೆ, ನಮಗೆ ಬೇಡ" ಅಂತ ಹೇಳಿಕಳಿಸಿದರು. ಪಕ್ಕದ ಮನೆಯವರು ಯಾರೋ ಚಾಡಿ ಹೇಳಿದ್ದಾರೆ ಅಂತ ನೀನು ಕಣ್ಣೀರಿಟ್ಟೆ, ಇರಬಹುದು ಅಂತ ನಾನೂ ತಲೆದೂಗಿದೆ. ಆಗ ನನಗೆ ನಿಜವಾಗಿ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ ಅನ್ನು. ಆಮೇಲೆ ಅಪ್ಪನ ಫೋಟೋ ನಮ್ಮ ಪ್ರದರ್ಶನದಲ್ಲಿ ತೂಗಿತ್ತೆಂದು ತಿಳಿದು, ನನ್ನ ಜೊತೆ ಮಾತು ಬಿಟ್ಟು ನೀನು ತರೀಕೆರೆಗೆ ಹೋದೆ.

ಹೋದ ವಾರ ಸಿದ್ದು ಆಫೀಸಿಗೇ ಬಂದ. ಗ್ಯಾರೇಜಿನಿಂದ ನೇರವಾಗಿ, ಕೈಯಲ್ಲಿ ಗ್ರೀಸು ಹಾಗೇ ಇತ್ತು. "ಅಕ್ಕ, ನಮ್ಮಮ್ಮಂಗೆ ನಿಮ್ಮ ಪ್ರದರ್ಶನದಲ್ಲೇ ಯಾರೋ ಮೇಡಂ ಹೇಳಿದ್ರಂತೆ, ಮೂರು ತಲೆಮಾರು ಅಂತ. ಅವ್ರನ್ನ ಒಂದ್ಸಲ ಮನೆಗೆ ಕರ್ಕೊಂಡು ಹೋಗ್ಬೇಕಿತ್ತು, ಅಮ್ಮ ಬೇರೆ ಯಾರ ಮಾತೂ ಕೇಳಲ್ಲ" ಅಂದ. ನಾನೇ ಆ ಮೇಡಂ ಅಂದೆ. ಅವನು ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಇದು ಫೌಂಡ್ರಿ ಗಾಯ, ಕವನ ಹುಟ್ಟಿ ಎಷ್ಟೋ ವರ್ಷದ ಮೇಲೆ ಆದದ್ದು, ಸುಟ್ಟಗಾಯ ಮಕ್ಕಳಿಗೆ ಬರುವುದಿಲ್ಲ ಅಂತ. ಈಶ್ವರಮ್ಮ, "ಅವತ್ತು ಯಾಕೆ ಹೇಳ್ಲಿಲ್ಲ?" ಅಂದರು. "ಅವತ್ತು ನಿಮ್ಮ ಮಾತು ಕೇಳ್ಕೊಂಡು ಬಂದು ನಾನು ಊಟಾನೂ ಮಾಡ್ಲಿಲ್ಲ. ಬಾಂಬ್ ಬೇಡಪ್ಪಾ ಬೇಡ ಅಂತ ಸಿಕ್ಕಿದವರಿಗೆಲ್ಲ ಹೇಳ್ಕೊಂಡು ಬಂದೆ. ಅವತ್ತಿಂದು ಸುಳ್ಳಾದ್ರೆ, ಇವತ್ತಿಂದು ನಿಜ ಅಂತ ನಾನು ಹೆಂಗೆ ನಂಬ್ಲಿ? ನಿಮ್ಮ ಮನೆ ಹುಡುಗಿ ಅಂತ ಇವತ್ತು ಇನ್ನೊಂದು ಹೇಳ್ತಿದೀರ. ಡಾಕ್ಟ್ರು ಬರೆದುಕೊಡ್ಲಿ, ಹುಡುಗೀಗೆ ಏನೂ ಇಲ್ಲ ಅಂತ. ಆಮೇಲೆ ನೋಡಣ" ಅಂದರು. ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಇಡೀ ಭದ್ರಾವತಿಯಲ್ಲಿ ನನ್ನ ಮಾತನ್ನು ಪೂರ್ತಿ ನಂಬಿದವರು ಅವರೊಬ್ಬರೇ.

ಹಿರೋಶಿಮಾದ ಹುಡುಗಿಯರಿಗೆ ಗಂಡು ಸಿಗುತ್ತಿರಲಿಲ್ಲ, ಅವರು ಹುಟ್ಟಿದ ಊರನ್ನೇ ಬಚ್ಚಿಡುತ್ತಿದ್ದರು ಅಂತ ನಾನು ಪ್ರತಿ ಭಾಷಣದಲ್ಲೂ ಹೇಳುತ್ತಿದ್ದೆ. ಸಭೆಯಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಬಾಂಬೇ ಬೀಳದ ಊರಿನಲ್ಲಿ ಅಂಥ ಒಬ್ಬ ಹುಡುಗಿಯನ್ನು ನಾನೇ ಮಾಡಿದೆ.

ಸರ್ಟಿಫಿಕೇಟ್ ತೆಗೆದುಕೋ ಅಂತ ನಾನು ಹೇಳಲಾರೆ. ನಿನಗಿಲ್ಲದ ಕಾಯಿಲೆ ಇಲ್ಲವೆಂದು ನೀನು ಯಾಕೆ ಬರೆಸಿಕೊಂಡು ಬರಬೇಕು? ಬೇಡ ಅನ್ನಲೂ ನನಗೆ ಬಾಯಿಲ್ಲ. ಸಿದ್ದು ಹಬ್ಬ ಮುಗಿದ ಮೇಲೆ ತರೀಕೆರೆಗೆ ಬರುತ್ತಾನಂತೆ. "ಕಾಗದ ಇರ್ಲಿ ಇಲ್ದಿರ್ಲಿ, ನಾನು ಕವನನ್ನ ಒಂದು ಮಾತು ಕೇಳ್ಬೇಕು" ಅಂದ. ಹುಡುಗ ಒಳ್ಳೆಯವನ ಹಾಗೆ ಕಾಣುತ್ತಾನೆ. ಅವನು ಬಂದಾಗ ಸ್ನಾನಕ್ಕೆ ಹೋಗಬೇಡ. ಒಪ್ಪುವುದು ಬಿಡುವುದು ನಿನ್ನಿಷ್ಟ, ನನ್ನ ತಪ್ಪು ತೊಳೆಯಲಿ ಅಂತ ಒಪ್ಪಬೇಡ.

ವೇದಿಕೆಯವರ ಮುಂದೆಯೂ ಹೇಳಿದ್ದೇನೆ. ಗಾಂಧಿ ಜಯಂತಿಗೆ ಭದ್ರಾವತಿಯಲ್ಲಿ ಮತ್ತೆ ಅದೇ ಚಿತ್ರಗಳ ಪ್ರದರ್ಶನವಿದೆ, ಅವತ್ತು ಮೈಕಿನಲ್ಲಿ ಮೊದಲು ಈ ತಪ್ಪನ್ನು ಹೇಳಿ ಆಮೇಲೆ ಉಳಿದದ್ದು ಅಂತ ನಿಶ್ಚಯವಾಗಿದೆ. ಅದನ್ನು ಕೇಳಿದ ಮೇಲೆ ನಮ್ಮನ್ನು ಯಾರು ನಂಬುತ್ತಾರೋ ಕಾಣೆ. ಬಾಂಬು ಬೇಡ ಅನ್ನುವುದು ಈಗಲೂ ನಿಜವೇ. ನಿಜ ಹೇಳುವವರು ಸುಳ್ಳು ಸೇರಿಸಿದರೆ ಆಗುವ ನಷ್ಟ ನನಗೆ ಈಗ ಗೊತ್ತಾಗಿದೆ. ಮಾವನ ಫೋಟೋವನ್ನು ನಸರುಲ್ಲಾ ಮೇಷ್ಟ್ರು ಹಳೇ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಹರಿಯಲೂ ಆಗದೆ ಗೋಡೆಗೆ ಹಾಕಲೂ ಆಗದೆ ಟ್ರಂಕಿನಲ್ಲಿಟ್ಟಿದ್ದೇನೆ.

ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ಚಳಿಗೆ ನಿನ್ನ ಕೆಮ್ಮು ಜಾಸ್ತಿಯಾಗದ ಹಾಗೆ ನೋಡಿಕೋ. ನಿನಗೆ ಒಳ್ಳೆಯದಾಗಲಿ ಕಣೇ, ನನ್ನಿಂದ ಆಗದಿದ್ದರೂ ನನ್ನನ್ನು ದಾಟಿಕೊಂಡಾದರೂ ಆಗಲಿ.

ನಿನ್ನ
ಹೇಮಕ್ಕ

ತಾ.ಕ.: ಕಾಗದ ಮಡಿಸಿ ಅಂಟು ಹಚ್ಚಲು ಹೋದೆ, ಕೈ ಬರಲಿಲ್ಲ. ಒಂದು ಮಾತು ಉಳಿದಿದೆ. ಇದನ್ನು ಸಿದ್ದುವಿಗೂ ಹೇಳಿಲ್ಲ, ಮೇಷ್ಟ್ರಿಗೂ ಹೇಳಿಲ್ಲ.

ಆ ಭಾನುವಾರ ಮಾವ ಪ್ರದರ್ಶನಕ್ಕೆ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಟವೆಲ್. ಒಳಗೆ ಬರಲು ಸಂಕೋಚವಾಯಿತೋ ಏನೋ, ಹೊರಗೆ ಹೊಂಗೆ ಮರದ ಕೆಳಗೆ ನಿಂತು ಕಿಟಕಿಯಿಂದ ತಮ್ಮ ಚಿತ್ರ ನೋಡುತ್ತಿದ್ದರು. ಈಶ್ವರಮ್ಮ ಅದೇ ಚಿತ್ರಕ್ಕೆ ಕೈ ತೋರಿಸಿ ನನ್ನನ್ನು ಕೇಳುತ್ತಿದ್ದ ಹೊತ್ತು ಅದು. ನಾನು ತಲೆಯೆತ್ತಿದೆ. ಮಾವನೂ ನಾನೂ ಒಬ್ಬರನ್ನೊಬ್ಬರು ನೋಡಿದೆವು. ಅವರು ನಕ್ಕು, ಬರಲಾ ಅನ್ನುವ ಹಾಗೆ ಒಂದು ಹೆಜ್ಜೆ ಮುಂದೆ ಇಟ್ಟರು. ಕರೆದು, "ಇವ್ರೇ ನೋಡಿ, ನಮ್ಮ ಮಾವ" ಅಂದಿದ್ದರೆ ಈ ಕಾಗದ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಅವರು ಒಳಗೆ ಬಂದರೆ ನನ್ನ ಚಿತ್ರ ಕೆಡುತ್ತದೆ ಅನ್ನಿಸಿತು ಕವನ. ಗುರುತಿಲ್ಲದವರನ್ನು ನೋಡಿದ ಹಾಗೆ ನೋಡಿ, ಈಶ್ವರಮ್ಮನ ಕಡೆ ತಿರುಗಿ, ಆ ಮೂರು ತಲೆಮಾರಿನ ಮಾತು ಹೇಳಿದೆ.

ಮತ್ತೆ ನೋಡುವಾಗ ಮಾವ ಹೆಗಲ ಮೇಲಿನ ಟವೆಲ್ ತೆಗೆದು ಎಡಗೆನ್ನೆಗೆ ಸುತ್ತಿಕೊಂಡು ಗೇಟು ದಾಟುತ್ತಿದ್ದರು. ಅತ್ತೆಗೆ ಹೇಳು, ಲವಂಗ ಬೇಡ. ಅದು ಹಲ್ಲುನೋವಲ್ಲ.