ಒಬ್ಬನ ಹೆಗಲ ಮೇಲಿನ ಫ್ರೇಮ್‌ವರ್ಕ್

ಜೂನ್ ೧೧, ಮಂಗಳವಾರ

ಭಯವಾಗುತ್ತಿದೆ. ಆಸ್ಪತ್ರೆಯ ವೆಬ್ ಅಪ್ಲಿಕೇಶನ್ನಿಗೆ ಯಾವ ಫ್ರೇಮ್‌ವರ್ಕ್, ಅಂದರೆ ಬೇರೆಯವರು ಬರೆದಿಟ್ಟ ಯಾವ ಸಿದ್ಧ ಕೋಡಿನ ಚೌಕಟ್ಟು, ಎಂದು ನಾಳೆ ನಾನೇ ಹೇಳಬೇಕು. ತಂಡದವರಿಗೆಲ್ಲ ಹೊಸದೇ ಬೇಕು. "ಮೇಡಂ, ಹಳೇದು ಎತ್ತಿನಗಾಡಿ. ಹೂಂ ಅಂದ್ಬಿಡಿ" ಎಂದು ಗಡ್ಡದವನು ಇವತ್ತೂ ಗೋಗರೆದ. ಹೂಂ ಎನ್ನುವುದರಲ್ಲೇ ಇದ್ದೆ.

ಸಂಜೆ ಆ ಹೊಸದರ ವೆಬ್ ಪುಟ ತೆರೆದೆ. ಅಷ್ಟನ್ನೂ ನೋಡಿಕೊಳ್ಳುತ್ತಿರುವವನು ಒಬ್ಬನೇ ಒಬ್ಬ. "ಮಗಳು ಹುಟ್ಟಿದ್ದಾಳೆ, ನಿದ್ದೆಯಿಲ್ಲ, ತಪ್ಪು ತಿದ್ದುವುದು ತಡವಾದೀತು, ಕ್ಷಮಿಸಿ" ಎಂದು ಬರೆದುಕೊಂಡಿದ್ದಾನೆ. ಅವನು ಏನೋ ಮರೆತು, ಇಲ್ಲಿ ಒಬ್ಬರ ಔಷಧಿ ಇನ್ನೊಬ್ಬರ ಹೆಸರಿಗೆ ಹೋದರೆ?

ನಿದ್ದೆಗೆಟ್ಟ ತಲೆಯ ಪಾಡು ನನಗೆ ಗೊತ್ತಿಲ್ಲವೇ? ಬೆಳಿಗ್ಗೆ ಹಾಲಿನ ಬಾಟಲಿಯನ್ನು ಬ್ಯಾಗಿಗೆ ತುರುಕಿ, ಲ್ಯಾಪ್‌ಟಾಪನ್ನು ತೊಟ್ಟಿಲ ಪಕ್ಕ ಬಿಟ್ಟು ಆಫೀಸಿಗೆ ಹೋದವಳು ನಾನು. "ಮಗೂನೇ ಬ್ಯಾಗಲ್ಲಿ ಹಾಕ್ಕೊಂಡು ಹೋಗ್ಲಿಲ್ವಲ್ಲ, ಪುಣ್ಯ!" ಎಂದು ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ.

ಹೊಸದು ಬೇಡ ಎಂದೇ ಹೇಳಬೇಕು. ಗಡ್ಡದವನು ಯಾಕೆ ಎಂದು ಕೇಳದೆ ಬಿಡುವುದಿಲ್ಲ. ಕೈಗೂಸು ಇರುವವರನ್ನು ನೆಚ್ಚಿಕೊಳ್ಳಬಾರದು ಎನ್ನಲೇ? ಈ ತಿಂಗಳಷ್ಟೇ ಹೆರಿಗೆ ರಜೆ ಮುಗಿಸಿ ಬಂದವಳ ಕಡೆಗೇ ಎಲ್ಲರ ಕಣ್ಣೂ ತಿರುಗುತ್ತದೆ. ಹಾಗಾದರೆ ನಿಮ್ಮನ್ನು ಹೇಗೆ ನಂಬೋದು ಮೇಡಂ ಎಂದು ಯಾರಾದರೂ...

ಪುಟ್ಟ ಎದ್ದ.