ಬಾಗಿಲು ಕಾಣುವ ಮಂಚ

ಪ್ರೀತಿಯ ಅಮ್ಮ,

ನಾನೂ ನಿನ್ನ ಅಳಿಯನೂ ಡಿಸೈನ್ ಮಾಡಿದ ಪುಟ್ಟ ಮನೆಗಳು ಸಿದ್ಧವಾದವು, ಅದರಲ್ಲೊಂದು ನಿನ್ನ ತಮ್ಮನಿಗೇ ಸಿಕ್ಕಿದೆ! ಬೀದಿಯಲ್ಲಿ ಮಲಗುವವರು ಒಂದು ಬಾಡಿಗೆ ಮನೆ ಹಿಡಿಯುವವರೆಗೆ ವರ್ಷವೋ ಎರಡು ವರ್ಷವೋ ಇರಲು ಕಟ್ಟಿದ ಮನೆಗಳಿವು. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. "ಮದುವೆ ದಿನವೂ ನೀನು ಇಷ್ಟು ಕುಣಿದಿರಲಿಲ್ಲ" ಅಂತ ಇವರಿಗೆ ಮುನಿಸು.

ಮಾದರಿ ಮನೆಯಲ್ಲಿ ಮೊದಲು ಮಂಚವನ್ನು ಒಳಮೂಲೆಗೆ ಹಾಕಿದ್ದೆವು, ಮರೆಯಾಗಿರಲಿ ಅಂತ. ಒಂದೊಂದು ರಾತ್ರಿ ಇದ್ದು ನೋಡಲು ಬೀದಿಯಿಂದ ಬಂದವರೆಲ್ಲ ಹಾಸಿಗೆ ಎಳೆದುಕೊಂಡು ಹೊಸ್ತಿಲ ಬಳಿಯೇ ಮಲಗಿದರು. ಆಗ ನನಗೆ ಮಾಮ ನೆನಪಾದ. ನೀನು ಮನೆಗೆ ಕರೆತಂದಾಗಲೆಲ್ಲ ಗೇಟಿನ ಪಕ್ಕ ಮಲಗಿ, ಬೆಳಗಾಗುವುದರೊಳಗೆ ಹೊರಟುಬಿಡುತ್ತಿದ್ದನಲ್ಲ. ನಾವದನ್ನು ಹಟ ಅಂದುಕೊಂಡೆವು; ಯಾರು ಬರುತ್ತಾರೆಂದು ಕಾಣದಿದ್ದರೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ, ಅಷ್ಟೇ. ಈಗ ಮಂಚದಿಂದಲೇ ಬಾಗಿಲು ಕಾಣುತ್ತದೆ, ಚಿಲಕ ಕೈಗೆಟುಕುತ್ತದೆ.

ಸೋಮವಾರದೊಳಗೆ ಅವನು ಇಲ್ಲಿಗೆ ಬರದಿದ್ದರೆ ಮನೆ ಬೇರೆಯವರ ಪಾಲಾಗುತ್ತದೆ. ದಯವಿಟ್ಟು ಬಯ್ಯಬೇಡ, ಹೊಸ ಬಟ್ಟೆ ತೊಡಿಸಬೇಡ, ಆ ಹಳೇ ಕಂಬಳಿಯನ್ನು ಕಿತ್ತುಕೊಳ್ಳಬೇಡ. ಮಂಚದಿಂದ ಬಾಗಿಲು ಕಾಣುತ್ತದಂತೆ ಅಂತಷ್ಟೇ ಹೇಳು. ಅವನು ಮಲಗುವ ಸ್ಟೇಷನ್ ಬೆಂಚಿನ ಮುಂದೆಯೇ, ಅವನನ್ನು ಕರೆದೊಯ್ಯಲು ನಾನು ಇಳಿಯುತ್ತೇನೆ, ಭಾನುವಾರ, ಬೆಳಗಿನ ಪ್ಯಾಸೆಂಜರಿಗೆ.

ನಿನ್ನ ಮಗಳು